ಕಲ್ಲಿನ ಮೇಲಿನ ಹೆಸರು

ಹೊಳೆಯಲ್ಲಿ ದೋಣಿ ಮಗುಚಿದಾಗ ನಾಲ್ಕು ವರ್ಷದ ಮಗನ ಶವವನ್ನು ಆ ತಾಯಿ ಗುರುತಿಸಿದ್ದು ಮುಖದಿಂದಲ್ಲ, ಮುಖ ಉಳಿದಿರಲಿಲ್ಲ. ಕೊರಳಲ್ಲಿದ್ದ ಬೆಳ್ಳಿ ತಾಯಿತದ ಮೇಲೆ ‘ಅಫ್ಶಾರ್’ ಎಂದು ಕೊರೆದಿತ್ತು. ಅದೇ ಹೆಸರನ್ನು ಗೋರಿಯ ಕಲ್ಲಿನ ಮೇಲೂ ಬರೆಸಿದರು. ಮರುವರ್ಷ ಹುಟ್ಟಿದ ಮಗನಿಗೆ, ಮನೆತನದ ಪದ್ಧತಿಯಂತೆ, ಸತ್ತವನ ಹೆಸರನ್ನೇ ಇಟ್ಟರು.

ಪಕ್ಕದ ಮನೆಯ ಜುಲೇಖಾಳ ಮಗ, ಅವನದೇ ವಯಸ್ಸಿನ ಗೆಳೆಯ, ಅದೇ ದೋಣಿಯಲ್ಲಿದ್ದ. ಅವನು ಸಿಗಲೇ ಇಲ್ಲ. ಇಪ್ಪತ್ತೆಂಟು ವರ್ಷವಾದರೂ ಆಕೆ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ. “ನಿನಗ ಹೂವು ಹಾಕಾಕ ಒಂದು ಗೋರಿಯರೆ ಅದ, ಅಕ್ಕಾ” ಎನ್ನುತ್ತಿದ್ದಳು.

ಇವತ್ತು ತಾಯಿಯ ಹೊಸ್ತಿಲಲ್ಲಿ ಅಪರಿಚಿತನೊಬ್ಬ ಬಂದು ನಿಂತಿದ್ದ.

“ಅಫ್ಶಾರ್ ಅವರ ಮನಿ ಇದೇ ಏನ್ರಿ?”

“ಹೌದಪಾ. ಮಗ ಸಾಲಿಗೆ ಹೋಗ್ಯಾನ, ಅಲ್ಲಿ ಮಾಸ್ತರ ಅದಾನ. ಏನಾಗಬೇಕಿತ್ತು?”

“ನನ್ನ ಹೆಸರೂ ಅದೇರಿ. ಹೊಳಿ ದಂಡಿಗೆ ಬಿದ್ದಿದ್ದ ನನ್ನನ್ನ ಊರೂರು ತಿರುಗೋ ಕುರಿಯವರು ಸಾಕಿದ್ರು. ಹೆಸರು, ಆ ದೋಣಿಯೊಳಗಿನ ಹೊತ್ತು, ಎರಡೇ ನೆನಪು. ಮೊಬೈಲಿನಾಗ ಹೆಸರು ಹುಡುಕಿದ್ರ ಇರಾನಿನ ಅರಸರು ಸಿಕ್ಕರು, ಅಲ್ಲಿನ ಊರುಗಳು ಸಿಕ್ಕವು. ಈ ಹೊಳಿ ಸುತ್ತ ಸಿಕ್ಕಿದ್ದು ನಿಮ್ಮ ಮನಿ ಒಂದೇ.”

“ಸುಳ್ಳು!” ಆಕೆ ಬಾಗಿಲು ಹಿಡಿದುಕೊಂಡಳು. “ನನ್ನ ಮಗನ ಕೊರಳಾಗ ತಾಯಿತ ಇತ್ತು. ಕಣ್ಣಾರೆ ನೋಡೀನಿ.”

“ದೋಣ್ಯಾಗ ಗೆಳೆಯ ಹೆದರಿ ಅಳಾಕತ್ತಿದ್ದ. ಬಿಚ್ಚಿ ಅವನ ಕೊರಳಿಗೆ ಹಾಕಿದ್ನಿ.”

ಆಕೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಿಟ್ಟು, ಬರಿಗಾಲಲ್ಲೇ ನಡೆದು, ಅಗಳಿ ಹಾಕದ ಪಕ್ಕದ ಮನೆಯ ಬಾಗಿಲನ್ನು ತಳ್ಳಿದಳು.

“ಜುಲೇಖಾ, ಏಳವ್ವ. ನಿನ್ನ ಮಗ ಎಲ್ಲಿ ಮಲಗ್ಯಾನ, ತೋರಿಸ್ತೀನಿ ಬಾ.”