ಓನರ್ ಆಂಟಿಯ ವಯಸ್ಸು

ಯಾರ ಮನೆಯ ಟ್ಯಾಂಕ್ ತುಂಬಿ ನೀರು ಸುರಿದರೂ ನನಗೆ ತಿಲಕ್ ನಗರದ ನಮ್ಮ ಬಾಡಿಗೆ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಓದಲೆಂದು ಕಾಂಬೋಡಿಯಾದಿಂದ ಬಂದ ಸೋಖಾ ಮಹಡಿಯ ರೂಮಿಗೆ ಹೊಸದಾಗಿ ಸೇರಿದ್ದಳು. ಅಮ್ಮ ಮತ್ತು ಓನರ್ ಸರಸು ಆಂಟಿ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಅವಳು ಕೈಮುಗಿದುಕೊಂಡು ಬಂದು, "ನಿಮ್ದು ವಯಸ್ಸು ಎಷ್ಟು?" ಎಂದಳು.

ಆಂಟಿಯ ಕೈ ಗಕ್ಕನೆ ನಿಂತಿತು. ಸೋಖಾ ಗಾಬರಿಯಾಗಿ ಅರೆಬರೆ ಕನ್ನಡದಲ್ಲಿ ವಿವರಿಸಿದಳು: ಅವರ ಖ್ಮೇರ್ ಭಾಷೆಯಲ್ಲಿ ವಯಸ್ಸು ತಿಳಿಯದೆ ಮರ್ಯಾದೆಯಿಂದ ಕರೆಯಲು ಆಗುವುದಿಲ್ಲವಂತೆ. ಹೆತ್ತ ತಾಯಿಗಿಂತ ದೊಡ್ಡವರು 'ಓಮ್', ಚಿಕ್ಕವರು 'ಮಿಂಗ್'. ಅವಳ ತಾಯಿಗೆ ನಲವತ್ತೈದು.

"ನಂಗಿನ್ನೂ ಮೂವತ್ತೊಂಬತ್ತು ಕಣಮ್ಮ," ಎಂದರು ಆಂಟಿ. ಅವರ ಮೊಮ್ಮಗ ಸ್ಕೂಲಿನಲ್ಲಿ ನನಗಿಂತ ಒಂದೇ ಕ್ಲಾಸ್ ಕೆಳಗಿದ್ದ.

ಅಮ್ಮನಿಗೆ ಆಗ ಮೂವತ್ತಾರು. "ನಂಗೆ ನಲವತ್ತಾರು," ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತೊಡೆ ಚಿವುಟಿದಳು. ಆಂಟಿ ಅಮ್ಮನನ್ನು ದುರುಗುಟ್ಟಿಕೊಂಡು ನೋಡಿದರು. ಆದರೆ ವಯಸ್ಸಿನ ವಿಷಯ ಕೆದಕುವ ಸ್ಥಿತಿಯಲ್ಲಿ ಅವರಿರಲಿಲ್ಲ.

ಸೋಖಾ ಅಮ್ಮನಿಗೆ 'ಓಮ್' ಎಂದು ತಲೆಬಾಗಿದಳು, ಆಂಟಿಗೆ 'ಮಿಂಗ್' ಎಂದಳು. ಆಂಟಿಯ ಮುಖ ಅರಳಿತು.

ಅಷ್ಟರಲ್ಲಿ ಮೇಲಿನ ಟ್ಯಾಂಕ್ ತುಂಬಿ ಧೋ ಎಂದು ಸುರಿಯತೊಡಗಿತು. ಪ್ರತಿದಿನ ಆಂಟಿ "ಏ ಸುಮಾ" ಎಂದು ಕೂಗಿದ ಕೂಡಲೇ ಮೋಟರ್ ಆಫ್ ಮಾಡಲು ಓಡುತ್ತಿದ್ದವಳು ಅಮ್ಮ. ಅವತ್ತು ಕದಲಲಿಲ್ಲ.

"ಸರಸೂ," ಎಂದಳು, ಇನ್ನೊಂದು ಅವರೆಕಾಯಿ ಎತ್ತಿಕೊಳ್ಳುತ್ತಾ, "ಮೋಟರ್ ಆಫ್ ಮಾಡ್ಬಿಟ್ಟು ಬಾಮ್ಮ."

ಆಂಟಿ ಅಮ್ಮನನ್ನು ನೋಡಿದರು. ಕೈಮುಗಿದು ನಿಂತಿದ್ದ ಸೋಖಾಳನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

"ಮಾಡ್ತೀನಿ ಬಿಡಿ, ಅಕ್ಕ."