ಇನ್ನೊಂದೇ ಒಂದು ಮಟ್ಟು

ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಯಲ್ಲಿಡಲು ಬಗ್ಗಿದ್ದನ್ನು ಕಂಡು ನರ್ಸಮ್ಮ ಕುರ್ಚಿಯ ಅಂಚಿಗೆ ಸರಿದಳು.

“ಇಷ್ಟು ಬೇಗ ಎದ್ರಾ?”

“ಮನೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮನಸ್ಸು ತಡೀತಿಲ್ಲ ನೋಡಿ.”

“ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು,” ಎಂದಳು ಕಾಫಿ ಅಂಗಡಿಯ ಒಡತಿ, ಲೋಟಗಳನ್ನು ಎತ್ತಿಕೊಳ್ಳುತ್ತ. “ಗಳಿಗೆಗೊಮ್ಮೆ ಹೆಂಡತೀನ ವಿಚಾರಿಸ್ಕೋತಾರೆ.”

ನರ್ಸಮ್ಮ ಕೆಳಗೆ ನೋಡಿದಳು. ಮಡಿಲಲ್ಲಿದ್ದ ಮೊಬೈಲ್ ಸುಮ್ಮನೇ ಬಿದ್ದಿತ್ತು.

ಭಾನುವಾರ ಮಧ್ಯಾಹ್ನಗಳಲ್ಲಿ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕೈದು ಮಂದಿ ಸೇರಿ ಹಿಂದಿನವರಿಂದ ಬಂದ ಮಟ್ಟುಗಳನ್ನು ನುಡಿಸುತ್ತಿದ್ದರು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಯಾರು ಬೇಕಾದರೂ ಬರಬಹುದು. ಬಂದವರು ಮೇಷ್ಟ್ರ ಕಟ್ಟಳೆಗೆ ಮಾತ್ರ ತಲೆಬಾಗಬೇಕು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ವಿಮಾ ಕಚೇರಿಯ ಗುಮಾಸ್ತರು. ಆದರೂ ಆ ಹೆಸರು ಅಂಟಿಕೊಂಡಿತ್ತು. ಮಟ್ಟನ್ನು ಮೊದಲು ಹಿರಿಯರೇ ಎತ್ತಿಕೊಳ್ಳಬೇಕು. ನುಡಿಸುವಾಗ ಮಾತು ಕೂಡದು. ಲಯ ಓಡಿಸಬಾರದು. ಇನ್ನೊಬ್ಬರ ವಾದ್ಯವನ್ನಂತೂ ಮುಟ್ಟಲೇಬಾರದು. ತಪ್ಪಿದವರನ್ನು ಮೇಷ್ಟ್ರು ಗದರುತ್ತಿರಲಿಲ್ಲ. ನಗುನಗುತ್ತಲೇ, ಸರಿಹೋಗುವ ತನಕ ಮತ್ತೆ ಮತ್ತೆ ಮಾಡಿಸುತ್ತಿದ್ದರು. ತಪ್ಪನ್ನು ತಪ್ಪಾಗಿಯೇ ಬಿಟ್ಟು ಎದ್ದು ಹೋಗುವುದು ಅವರ ಜಾಯಮಾನದಲ್ಲೇ ಇರಲಿಲ್ಲ.

ನರ್ಸಮ್ಮ ಈಚೆಗೆ ಬರತೊಡಗಿದವಳು. ಹೊಸ ಕಂಜಿರ ಕೊಂಡು, ಮೂಲೆಯ ಕುರ್ಚಿ ಹಿಡಿದು, ರೆಪ್ಪೆ ಮಿಟುಕಿಸದೆ ಮೇಷ್ಟ್ರನ್ನೇ ನೋಡುತ್ತ ಕೂರುವಳು. ಒಂಟಿ ಹೆಂಗಸು. ಹಾರ್ಮೋನಿಯಂ ನುಡಿಸುವ ಎಲೆಕ್ಟ್ರಿಷಿಯನ್ ಇದನ್ನೆಲ್ಲ ಗಮನಿಸಿ ಮೀಸೆಯಡಿಯಲ್ಲೇ ನಗುತ್ತಿದ್ದ.

ಈಗ ಅವಳು ಯಾರನ್ನೂ ಕೇಳದೆ ಕಂಜಿರ ಎತ್ತಿ ಬಡಿಯತೊಡಗಿದಳು. ಜೊತೆಗೆ ಗಂಟಲೆತ್ತಿ ಹಾಡೂ ಶುರು. ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ.

ಪೆಟ್ಟಿಗೆಯ ಮುಚ್ಚಳ ಹಿಡಿದ ಮೇಷ್ಟ್ರ ಕೈ ಅಲ್ಲೇ ನಿಂತಿತು. “ಮೊದಲು ಯಾರು ಎತ್ತಿಕೋಬೇಕು ನರ್ಸಮ್ಮ?”

“ಮರೆತೇಹೋಯ್ತು. ಇನ್ನೊಂದೇ ಒಂದು ಮಟ್ಟು ಹೇಳಿಕೊಟ್ಟು ಹೋಗಿ.”

ಪಿಟೀಲು ಹೊರಬಂತು. ಅವಳು ಉಸಿರುಬಿಟ್ಟಳು.

ಮಟ್ಟು ಅರ್ಧಕ್ಕೆ ಬರುತ್ತಿದ್ದಂತೆ ಲಯವನ್ನು ಕುದುರೆಯ ಹಾಗೆ ಓಡಿಸಿದಳು. ಮೇಷ್ಟ್ರು ನಿಲ್ಲಿಸಿದರು, ಮೊದಲಿನಿಂದ ಎಂದರು. ಎರಡನೆಯ ಸಲ ನಡುವೆಯೇ ಎಲೆಕ್ಟ್ರಿಷಿಯನ್ ಕಡೆ ತಿರುಗಿ, “ನಮ್ಮ ಕ್ಲಿನಿಕ್‌ನ ಫ್ಯಾನು ಕಿರ್ರ್ ಅಂತಿದೆ, ಯಾವಾಗ ಬರ್ತೀರಿ?” ಎಂದು ಗಟ್ಟಿಯಾಗಿ ಕೇಳಿದಳು. ಮತ್ತೆ ಮೊದಲಿನಿಂದ. ಅವಳ ಕಣ್ಣು ಪದೇ ಪದೇ ಮಡಿಲಿಗೆ ಇಳಿಯುತ್ತಿತ್ತು.

“ಒಂದು ಮಾತನ್ನ ಎರಡು ಸಲ ಹೇಳೋ ಅಭ್ಯಾಸ ನನ್ನ ಮನೇಲಿಲ್ಲ,” ಎಂದರು ಮೇಷ್ಟ್ರು ಮೆಲ್ಲಗೆ. “ಇಲ್ಲಿ ಮಾತ್ರ ತಾಳ್ಕೋತೀನಿ.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಮೇಷ್ಟ್ರು ಬಾಗಿಲ ಬಳಿ ಹೋಗಿ ಮತ್ತೆ ಮನೆಗೆ ಫೋನ್ ಹಚ್ಚಿದಾಗ ಎಲೆಕ್ಟ್ರಿಷಿಯನ್ ಅವಳತ್ತ ಬಾಗಿದ. “ಮರ್ಯಾದೆ ಉಳಿಸ್ಕೊಳ್ಳಿ ನರ್ಸಮ್ಮ. ಅವರಿಗೆ ಹೆಂಡತಿ ಇದಾಳೆ, ಮಗು ಇದೆ.”

“ಗೊತ್ತು.”

“ಗೊತ್ತಿದ್ದೂ ಹೀಗಾ?”

ಅವಳು ಮತ್ತೆ ಮೊಬೈಲ್ ನೋಡಿದಳು.

ಮೇಷ್ಟ್ರು ಮರಳಿದಾಗ ಮುಖದಲ್ಲಿ ನಗುವಿರಲಿಲ್ಲ. “ಈಗಲೂ ಎತ್ತಲಿಲ್ಲ. ನಾನು ಹೊರಟೆ.”

ನರ್ಸಮ್ಮನಿಗೆ ಬೇರೆ ದಾರಿ ತೋಚಲಿಲ್ಲ. ಮೊಬೈಲನ್ನು ಕುರ್ಚಿಯ ಮೇಲೆ ಬಿಟ್ಟು ಧಡಕ್ಕನೆ ಎದ್ದು ಮೇಜಿನ ಮೇಲಿದ್ದ ಪಿಟೀಲನ್ನು ಬಾಚಿಕೊಂಡಳು. “ಶ್ರುತಿ ಸ್ವಲ್ಪ ಇಳಿದಿದೆ ಮೇಷ್ಟ್ರೇ, ನಾನೇ ಏರಿಸ್ತೀನಿ,” ಎನ್ನುತ್ತ ಬಿರಡೆಯನ್ನು ತಿರುಚಿದಳು. ಬೇಡ, ಬೇಡ ಎಂದು ಎಲ್ಲರೂ ಕೂಗುತ್ತಿದ್ದಂತೆ ಇನ್ನೊಂದು ಸುತ್ತು ತಿರುಚಿದಳು. ತಂತಿ ಪಟ್ಟೆಂದು ಹರಿಯಿತು.

ಅಂಗಡಿಯ ಒಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಷ್ಟ್ರು ಹತ್ತಿರ ಬಂದು ಒಂದು ಕೈಯಲ್ಲಿ ಪಿಟೀಲನ್ನು ಬಿಡಿಸಿಕೊಂಡರು, ಇನ್ನೊಂದರಲ್ಲಿ ಅವಳ ಮಣಿಕಟ್ಟು ಹಿಡಿದರು. ನೋಡಿದವರಿಗೆ ಸಮಾಧಾನ ಹೇಳುತ್ತಿರುವಂತಿತ್ತು. ಅವಳ ಬೆರಳುಗಳು ಮರಗಟ್ಟಿದವು. ಅವಳು ಕೂಗಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಹಿಡಿದಷ್ಟು ಹೊತ್ತೂ ಲಾಭವೇ ಎನ್ನುವವಳಂತೆ ನಿಂತಿದ್ದಳು.

“ಹೊಸ ತಂತಿ ಮನೇಲಿ ಹಾಕ್ಕೊಳ್ಳಿ ಮೇಷ್ಟ್ರೇ, ಹೊರಡಿ,” ಎಂದ ಎಲೆಕ್ಟ್ರಿಷಿಯನ್.

“ಇಲ್ಲ. ಕೆಡಿಸಿದವರ ಕಣ್ಣೆದುರೇ ಸರಿಯಾಗಬೇಕು. ಕೂತ್ಕೊಳ್ಳಿ ನರ್ಸಮ್ಮ. ನೋಡ್ತಾ ಇರಿ.”

ಅವಳು ಮೊಬೈಲನ್ನು ಮಡಿಲಿಗಿಟ್ಟುಕೊಂಡು ಕೂತಳು. ಹೊಸ ತಂತಿಯ ಸುರುಳಿ ಬಿಚ್ಚಿತು, ಬಿರಡೆಯ ಕಿಂಡಿಗೆ ತುದಿ ಪೋಣಿಸಲಾಯಿತು, ಒಂದೊಂದೇ ಸುತ್ತು ಬಿಗಿಯಿತು. ಅದು ಎಳೆದುಕೊಂಡು ಮತ್ತೆ ಸಡಿಲವಾಯಿತು. ಮತ್ತೆ ಬಿಗಿದರು. ಯಾರೂ ಅವಳ ಮುಖ ನೋಡಲಿಲ್ಲ.

ಮಡಿಲಲ್ಲಿ ಮೊಬೈಲ್ ಒಮ್ಮೆ ನಡುಗಿ ನಿಂತಿತು.

ಅವಳು ಎದ್ದಳು. “ತಪ್ಪಾಯ್ತು. ಕ್ಷಮಿಸಿ.”

“ಇನ್ಮೇಲೆ ಇಲ್ಲಿಗೆ ಬರಬೇಡಿ,” ಎಂದಳು ಅಂಗಡಿಯ ಒಡತಿ.

“ಬರಲ್ಲ ಅಕ್ಕ.”

ಹೊರಗೆ ಬಿಸಿಲು ರಾಚುತ್ತಿತ್ತು. ಬೀದಿಯ ತಿರುವಿನಾಚೆ ಗೋಡೆಗೆ ಒರಗಿ, ಬಂದ ನಂಬರಿಗೆ ತಿರುಗಿ ಫೋನ್ ಮಾಡಿದಳು. ಆ ತುದಿಯಲ್ಲಿ ಇಂಜಿನ್ನಿನ ಸದ್ದು ಕೇಳಿಸಿತು.

“ಬಸ್ಸು ಊರು ದಾಟ್ತು ಅಕ್ಕ. ಮಗು ಮಲಗಿದೆ, ನೀವು ಹೊಲಿಗೆ ಹಾಕಿದ ಕೈಯೂ ಈಗ ನೋಯ್ತಿಲ್ಲ,” ಎಂದಳು ಮೇಷ್ಟ್ರ ಹೆಂಡತಿ.