ಸದ್ದು ಮಾಡದ ಫೋನು

ನೆರೆ ಎಚ್ಚರಿಕೆ ಕಚೇರಿಯ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ 'ಕಳುಹಿಸಲಾಗಿದೆ' ಎಂದು ಬಂತು. ಆದರೆ ನೆಕೇಸಾಳ ಫೋನು ಸದ್ದು ಮಾಡಲಿಲ್ಲ. ನ್ಜೋಯಾ ನದಿಯ ಒಡ್ಡು ಒಡೆಯುತ್ತಿದೆ, ಮನೆ ಬಿಡಿ ಎಂಬ ಸಂದೇಶವನ್ನು ಅವಳು ಒಂದೇ ಸಾಲಿನ ಕಮಾಂಡ್ ಬರೆದು ಕೆಳದಂಡೆಯ ಮನೆಗಳಿಗೆಲ್ಲ ಕಳಿಸಿದ್ದಳು. ಮುಟ್ಟಿತೇ ಎಂದು ತಿಳಿಯಲು ಆ ಪಟ್ಟಿಯಲ್ಲಿ ತನ್ನ ನಂಬರನ್ನೂ ಸೇರಿಸಿದ್ದಳು.

"ಹೋಯ್ತು ಅಂತ ಯಂತ್ರಾನೇ ಹೇಳ್ತಿದೆಯಲ್ಲೇ. ಅದರ ಮೇಲೂ ಅನುಮಾನಾನಾ ನಿಂಗೆ?" ಎಂದ ಪಕ್ಕದ ಮೇಜಿನ ಸಹೋದ್ಯೋಗಿ ವಾಂಡೇರಾ, ಚಹಾ ಹೀರುತ್ತ.

ಅವಳು ಆ ಸಾಲನ್ನು ಮತ್ತೆ ಓದಿದಳು. ಅದರಲ್ಲಿದ್ದ ಸರ್ವರಿನ ವಿಳಾಸ ಬರೀ ಪರೀಕ್ಷೆಗೆಂದು ಇಟ್ಟದ್ದು. ಅಲ್ಲಿಗೆ ಹೋದದ್ದು ಯಾರಿಗೂ ಮುಟ್ಟುವುದಿಲ್ಲ. "ನಿನ್ನೆ ಬದಲಾಯಿಸಿ ಹಾಗೇ ಬಿಟ್ಟೋನು ನೀನು."

"ನೋಡ್ಕೊಂಡು ಕಳಿಸೋದು ನಿನ್ನ ಕೆಲಸ. ಮೇಲಿನವರಿಗೂ ಹಾಗೇ ಹೇಳ್ತೀನಿ."

ನೆಕೇಸಾ ವಿಳಾಸ ತಿದ್ದಿ ಎಂಟರ್ ಒತ್ತಿದಳು. ಅವಳ ಫೋನು ಸದ್ದು ಮಾಡಿತು. ಸ್ವಲ್ಪ ಹೊತ್ತಿಗೆ ವಾಂಡೇರಾನದೂ ಮೊಳಗಿತು. ಕೆಳದಂಡೆಯ ಊರಿನಿಂದ ಅವನ ತಾಯಿ.

"ಮನೆ ಬಿಡಿ ಅಂತ ಈಗ ಬಂತು ಮಗಾ. ನೀರು ಆಗ್ಲೇ ಅಂಗಳದಲ್ಲಿದೆ. ಯಾಕಪ್ಪಾ ಇಷ್ಟು ತಡ ಮಾಡಿದ್ರಿ?"